ಭಂಡಾರ ಹಚ್ಚಿದರೂ ಮುಗಿಯದ ಕೇಸು

ಪೊಲೀಸರು ಹುಡುಕುತ್ತಿದ್ದುದು ಕುರಿಗಾರ ಗುರಪ್ಪನನ್ನು. ಆದರೆ ಮೋಟಾರ್ ಸೈಕಲ್ ನಿಲ್ಲಿಸಿದ್ದು ಮಲಕಾಜಪ್ಪನ ಮನೆ ಮುಂದೆ. ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿಯ ಆ ಓಣಿಗೆ ಪೊಲೀಸರು ಬಂದರೆಂದರೆ ಎಲ್ಲರಿಗೂ ಒಮ್ಮೆಲೇ ಅಂಗಳ ಗುಡಿಸುವ ಕೆಲಸ ನೆನಪಾಗುತ್ತದೆ. ಅವತ್ತೂ ಹಾಗೇ ಆಯಿತು. ಕಸಬರಿಗೆ ಹಿಡಿದು ನಿಂತವರ ಕಿವಿಗೆ ಬಿದ್ದಿದ್ದು ಇಷ್ಟು: ಗುರಪ್ಪ ಜತ್ತ ಕೋರ್ಟಿನ ತಾರೀಖಿಗೆ ಹೋಗಿಲ್ಲ, ಅವನನ್ನು ಹಿಡಿದು ತರಲು ವಾರಂಟ್ ಹೊರಟಿದೆ, ಅವನಿಗೆ ಜಾಮೀನು ನಿಂತ ಮಲಕಾಜಪ್ಪನೂ ಕೋರ್ಟಿಗೆ ಬಂದು ಉತ್ತರ ಕೊಡಬೇಕು.

ಮಲಕಾಜಪ್ಪ ಕಾಳುಕಡಿ ವ್ಯಾಪಾರಿ, ಮರ್ಯಾದೆಗೆ ಅಂಜಿ ಬಾಳಿದ ಮನುಷ್ಯ. ಕಟ್ಟೆಯ ಮೇಲೆ ಕುಳಿತವನು ಮನೆಯವರು ತಂದಿಟ್ಟ ಚಹಾ ಕೂಡ ಮುಟ್ಟಲಿಲ್ಲ. ಪ್ರತಿ ವರ್ಷ ಗುರಪ್ಪನ ಕುರಿಗಳು ಅವನ ಹೊಲದಲ್ಲಿ ತಂಗುತ್ತವೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ. ಆ ಬಳಕೆಯಿಂದಲೇ ಹೊಲದ ಉತಾರ, ಅಂದರೆ ಪಹಣಿ ತೋರಿಸಿ ಜಾಮೀನಿಗೆ ಸಹಿ ಮಾಡಿದ್ದ.

ಆಗಿದ್ದೇನೆಂದರೆ, ಮಳೆಗಾಲದಲ್ಲಿ ಗುರಪ್ಪನ ಕುರಿ ಮುಚ್ಚಂಡಿಯ ಭರಮಣ್ಣನ ಸಜ್ಜೆ ಹೊಲಕ್ಕೆ ನುಗ್ಗಿದ್ದವು. ಮಾತಿಗೆ ಮಾತು ಬೆಳೆಯಿತು, ಗುರಪ್ಪನ ಬಡಿಗೆ ಭರಮಣ್ಣನ ತೋಳಿಗೆ ಬಿತ್ತು. ಪೊಲೀಸರು ಗುರಪ್ಪನನ್ನು ಹಿಡಿದರು, ಕೋರ್ಟು ಜಾಮೀನು ಕೊಟ್ಟಿತು, ಮುಂದಿನ ತಾರೀಖನ್ನೂ ಹೇಳಿತು. ಆಮೇಲೆ ಹಿರಿಯರು ಇಬ್ಬರನ್ನೂ ಬೀರಪ್ಪನ ಗುಡಿಯ ಮುಂದೆ ಕೂರಿಸಿದರು. ಒಬ್ಬರ ಹಣೆಗೆ ಒಬ್ಬರು ಭಂಡಾರ, ಅಂದರೆ ದೇವರ ಅರಿಶಿನಪುಡಿ ಹಚ್ಚಿ ಒಟ್ಟಿಗೆ ಉಂಡರು. ಕುರಿಗಾರರಲ್ಲಿ ಭಂಡಾರ ಹಚ್ಚಿದ ಮೇಲೆ ಹಳೆಯ ಜಗಳ ಎತ್ತುವುದು ದೇವರಿಗೆ ಮಾಡಿದ ಅಪಚಾರ. ಗುರಪ್ಪ ಕೋರ್ಟೂ ಇದಕ್ಕೆ ಒಪ್ಪಿದೆ ಎಂದುಕೊಂಡ. ದಸರಾ ಮುಗಿದದ್ದೇ ತಡ, ಕುರಿ ಹೊಡೆದುಕೊಂಡು ಅಥಣಿ ಕಡೆ ನಡೆದುಬಿಟ್ಟ.

ಪೊಲೀಸರು ಬಂದ ಸುದ್ದಿ ಕೇಳಿ ಗುರಪ್ಪನ ಹೆಂಡತಿ ಸಾವಿತ್ರವ್ವ ಮಲಕಾಜಪ್ಪನ ಮನೆಗೆ ಓಡಿ ಬಂದಳು.

"ಅಣ್ಣಾರ, ಭರಮಣ್ಣ ಮೊನ್ನಿ ನಮ್ಮ ಮನ್ಯಾಗ ಉಂಡು ಹೋಗ್ಯಾನ್ರಿ. ಇನ್ನ ಯಾವ ಕೇಸ್ ರಿ?"

"ಅದನ್ನ ಪೊಲೀಸರಿಗೆ ಹೇಳವ್ವ, ನನಗ ಕೇಳಬ್ಯಾಡ" ಎಂದ ಮಲಕಾಜಪ್ಪ. ಆತ ಎಂದೂ ಅವಳೊಂದಿಗೆ ಹಾಗೆ ಮಾತಾಡಿದವನಲ್ಲ.

ಅವಳು ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು. ಅವನದು ಬೇರೆಯೇ ರಾಗ. "ನಾ ಕರ್ನಾಟಕದಾಗ ಅದೀನಿ, ಮಹಾರಾಷ್ಟ್ರದ ಪೊಲೀಸರು ಇಲ್ಲಿ ಏನ ಮಾಡ್ತಾರ? ನಾ ಊರಿಗೆ ಬಂದ್ರ ಹಿಡದು ಒಳಗ ಹಾಕ್ತಾರ. ನಾ ಬರಂಗಿಲ್ಲ." ಫೋನ್ ಕಟ್ ಆಯಿತು. ಗಂಡ ಜೇಲಿಗೆ ಹೋಗುವುದೋ, ಪುಣ್ಯಾತ್ಮ ಮಲಕಾಜಪ್ಪನ ಹೊಲಕ್ಕೆ ಕುತ್ತು ಬರುವುದೋ, ಯಾವುದಕ್ಕೆ ಅಂಜಬೇಕೆಂದೇ ಸಾವಿತ್ರವ್ವನಿಗೆ ತಿಳಿಯಲಿಲ್ಲ.

ಇಬ್ಬರೂ ಜತ್ತಕ್ಕೆ ಹೋಗಿ ವಕೀಲೆ ವಿಜಯಶ್ರೀಯನ್ನು ಕಂಡರು. ಬಿಳೂರಿನ ಹೆಣ್ಣುಮಗಳು, ಉಚಿತ ಕಾನೂನು ನೆರವು ಕೊಡುವ ತಾಲೂಕು ವಿಧಿ ಸೇವಾ ಸಮಿತಿಯಿಂದ ಬಡವರ ಕೇಸು ನಡೆಸುತ್ತಾಳೆ. ಸುತ್ತಿಬಳಸಿ ಮಾತಾಡುವವಳಲ್ಲ.

"ಜಾಮೀನ ಅಂದ್ರ ಕೇಸ ಮುಗದಂಗ ಅಲ್ಲವ್ವ. ಕೇಸ ನಡಿಯೂತನಕ ಜೇಲಿನ ಹೊರಗ ಇರಾಕ ಕೋರ್ಟ ಕೊಟ್ಟ ಪರವಾನಗಿ. ಕರದಾಗ ಬರ್ತೀನಿ ಅಂತ ಗುರಪ್ಪ ಬರದು ಕೊಟ್ಟಾನ, ಅದು ಮುಚ್ಚಳಿಕಿ. ಅವ ಬರ್ತಾನ ಅಂತ ಇವರು ಹೊಣಿ ಹೊತ್ತಾರ, ಇವರು ಜಾಮೀನದಾರ. ಅವ ಬರಲಿಲ್ಲಂದ್ರ ಕೋರ್ಟ ಇವರ ಕೊಳ್ಳಪಟ್ಟಿ ಹಿಡೀತೈತಿ."

ಉಳಿದದ್ದನ್ನೂ ಅವಳು ಬಿಡಿಸಿ ಹೇಳಿದಳು. ಏಟು ಬಿದ್ದಿದ್ದು ಭರಮಣ್ಣನಿಗಾದರೂ ಪೊಲೀಸರು ದಾಖಲಿಸಿದ ಇಂಥ ಕೇಸನ್ನು ನಡೆಸುವುದು ಸರಕಾರ. ಊರಲ್ಲಿ ರಾಜಿಯಾದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ರಾಜಿಯಾಗಿದ್ದು ಒಳ್ಳೆಯದೇ, ಆದರೆ ಅದನ್ನು ಕೋರ್ಟಿನ ಮುಂದೆ ಹೇಳಬೇಕು, ಕಾನೂನು ಒಪ್ಪುವ ಪ್ರಕರಣವಾದರೆ ಅಲ್ಲೇ ಮುಗಿಯುತ್ತದೆ. ಗುರಪ್ಪ ಈಗ ಬರೀ ಆರೋಪಿ, ಅಂದರೆ ಅವನ ಮೇಲೆ ದೂರಿದೆ ಅಷ್ಟೇ. ತಪ್ಪು ರುಜುವಾತಾಗಿ ತೀರ್ಪು ಬಂದರೆ ಮಾತ್ರ ಅಪರಾಧಿ. ತಾನಾಗಿ ಬಂದರೆ ವಾರಂಟ್ ರದ್ದು ಮಾಡಿರೆಂದು ಕೇಳಬಹುದು. ತಪ್ಪಿಸಿಕೊಂಡು ತಿರುಗಿದರೆ ಇನ್ನೊಮ್ಮೆ ಜಾಮೀನು ಸಿಗುವುದೇ ಕಷ್ಟ. ಇನ್ನು ವಾರಂಟಿಗೆ ಅಥಣಿಯೂ ಒಂದೇ, ಉಮದಿಯೂ ಒಂದೇ.

ಮಲಕಾಜಪ್ಪ ಮೆಲ್ಲಗೆ ಕೇಳಿದ. "ಅಕ್ಕಾರ, ನಾ ಜಾಮೀನ ಹಿಂದ ತಗೋಬಹುದೇನ್ರಿ?"

ಹಾಗೆ ಅರ್ಜಿ ಕೊಡಲು ಬರುತ್ತದೆ, ಆಗ ಗುರಪ್ಪ ಬೇರೆ ಜಾಮೀನುದಾರನನ್ನು ತರಬೇಕು, ಇಲ್ಲವೇ ಒಳಗೆ ಹೋಗಬೇಕು ಎಂದಳು ವಿಜಯಶ್ರೀ. ಊರೂರು ಅಲೆಯುವ ಕುರಿಗಾರನಿಗೆ ಇನ್ನಾರು ನಿಲ್ಲುತ್ತಾರೆ? ಸಾವಿತ್ರವ್ವ ಹೊರಗೆ ಹೋಗಿ ಮತ್ತೆ ಫೋನ್ ಹಚ್ಚಿದಳು.

"ನಿಮ್ಮ ಸಲುವಾಗಿ ಆ ಅಣ್ಣ ಉಣಲಾರದ ಕುಂತಾರ. ನೀವು ಬರಲಿಲ್ಲಂದ್ರ ಮುಂದಿನ ವರ್ಷ ಕುರಿ ಯಾರ ಹೊಲದಾಗ ನಿಂದ್ರಸ್ತೀರಿ? ಭಂಡಾರ ಹಚ್ಚಕೊಂಡ ಹಣಿ ಯಾರಿಗೆ ತೋರಸ್ತೀರಿ?"

ಆ ಕಡೆಯಿಂದ ಗುರಪ್ಪ, "ಕುರಿ ಯಾರಿಗರ ಒಪ್ಪಿಸಿ ಬರ್ತೀನಿ" ಎಂದ.

ಮರುದಿನ ಕೋರ್ಟಿನ ಗೇಟಿನಲ್ಲಿ ಇಬ್ಬರೂ ಕಾದರು. ಅಥಣಿ ಬಸ್ಸು ಬಂತು, ಗುರಪ್ಪ ಇಳಿಯಲಿಲ್ಲ. ಫೋನ್ ಹತ್ತಲಿಲ್ಲ. ಮಲಕಾಜಪ್ಪ ಅತ್ತಿಂದಿತ್ತ ಅಡ್ಡಾಡುತ್ತಿದ್ದ, ಸಾವಿತ್ರವ್ವನಿಗೆ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಕೋರ್ಟು ಕೂರುವ ಹೊತ್ತಾದಾಗ ಒಂದು ಟೆಂಪೋದಿಂದ ಕಂಬಳಿ ಹೊದ್ದವನೊಬ್ಬ ಇಳಿದ. ಅವಳಿಗೆ ಅಳು ಬಂತು.

ವಿಜಯಶ್ರೀ ಅರ್ಜಿ ಹಾಕಿದಳು. ನ್ಯಾಯಾಧೀಶರು ಕೇಳಿದ್ದಕ್ಕೆ ಗುರಪ್ಪ ಭಂಡಾರದ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದ. ಅವರು ಚೆನ್ನಾಗಿ ಬೈದರು, ದಂಡ ಹಾಕಿದರು, ವಾರಂಟ್ ರದ್ದು ಮಾಡಿ ಹೊಸ ತಾರೀಖು ಕೊಟ್ಟರು. ಜಾಮೀನು ಮುಂದುವರಿಸುತ್ತೀರಾ ಎಂದು ಮಲಕಾಜಪ್ಪನನ್ನು ಕೇಳಿದರು. ಗುರಪ್ಪ ನೆಲ ನೋಡುತ್ತಿದ್ದ. ಅವನನ್ನೊಮ್ಮೆ ನೋಡಿ ಮಲಕಾಜಪ್ಪ ಹೂಂ ಎಂದ.

ಹೊರಗೆ ಬಂದ ಕೂಡಲೇ ಗುರಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದು ಅವನ ಹಣೆಗೆ ಕೈ ಚಾಚಿದ. ಮಲಕಾಜಪ್ಪ ಆ ಕೈಯನ್ನು ನಡುವೆಯೇ ಹಿಡಿದ.

"ಇದನ್ನ ಚೀಲದಾಗ ಇಟಗೋ. ಕೇಸ ಮುಗದ ದಿನ ಹಚ್ಚು. ಅಲ್ಲಿತನಕ ಕುರಿ ಎಲ್ಲೇ ಇರಲಿ, ತಾರೀಖಿಗೆ ನೀ ಇಲ್ಲಿರಬೇಕು."

ಗುರಪ್ಪ ಭಂಡಾರವನ್ನು ಚೀಲಕ್ಕೆ ಹಾಕಿದ. ಬರುತ್ತೇನೆಂದು ಸಾವಿತ್ರವ್ವನ ಎದುರಿಗೇ ಮಾತು ಕೊಟ್ಟ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಯಾರಾದರೂ ಜಾಮೀನಿನ ಮೇಲೆ ಹೊರಗಿದ್ದರೆ ಮುಂದಿನ ತಾರೀಖು ಯಾವುದೆಂದು ಇಂದೇ ಕೇಳಿ. ಹೋಗಲು ಆಗದಿದ್ದರೆ ಮೊದಲೇ ವಕೀಲರಿಗೆ ತಿಳಿಸಿ. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ತಾಲೂಕು ವಿಧಿ ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಡವರಿಗೆ, ಮಹಿಳೆಯರಿಗೆ, ಬಂಧನದಲ್ಲಿ ಇರುವವರಿಗೆ ಉಚಿತ ನೆರವಿದೆ. ನೀವೇ ಜಾಮೀನು ನಿಲ್ಲುವವರಾದರೆ ಏನಕ್ಕೆ ಸಹಿ ಮಾಡುತ್ತಿದ್ದೀರೆಂದು ಕೇಳಿ ತಿಳಿದುಕೊಳ್ಳಿ. ನಿಮ್ಮನ್ನು ನಂಬಿ ಸಹಿ ಮಾಡಿದವರು ಇವತ್ತು ನೆಮ್ಮದಿಯಿಂದ ಚಹಾ ಕುಡಿಯಲಿ.