ನಡುಗಡ್ಡೆಯ ಕಲ್ಲುಹೂವು

ಇಂದ್ರಾಬಾಯಿ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ತಂದೆ ಇರುವತನಕ ಸಂಜೆ ಚಹಾದ ಹೊತ್ತಿಗೆ, ಇವತ್ತು ಏನು ನೋಡಿದಿ ಎಂದು ಕೇಳುವ ದನಿಯೊಂದು ಮನೆಯಲ್ಲಿತ್ತು. ಅವರು ತೀರಿಕೊಂಡ ಮೇಲೆ ಹೊನ್ನವ್ವ ಎಂಬಾಕೆಯ ಮಾಳಿಗೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ರವಿವಾರ ಅಲ್ಲಿ ಒಬ್ಬಳೇ ಕೂತರೆ ಗೋಡೆಗಳೇ ಮೈಮೇಲೆ ಬಂದಂತಾಗುತ್ತಿತ್ತು. ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಆಲಮಟ್ಟಿಯ ಕಡೆ, ಕೃಷ್ಣೆಯ ದಂಡೆಗೆ ಹೋಗಿಬಿಡುತ್ತಿದ್ದಳು.

ಎಪ್ಪತ್ತಮೂರರ ಬೇಸಿಗೆಯಲ್ಲಿ ಹೊಳೆ ಬತ್ತಿ, ನಡುವಿನ ಸಣ್ಣ ನಡುಗಡ್ಡೆಗೆ ಕಾಲ್ದಾರಿ ಬಿದ್ದಿತ್ತು. ಅಲ್ಲಿಯ ಬಂಡೆಗಳ ಬಡಗಣ ಮಗ್ಗುಲಿಗೆ, ಬೂದಿಬಣ್ಣದ, ಅಂಚಿಗೆ ಕುಂಕುಮ ಕೇಸರಿಯ ಗೆರೆ ಇದ್ದ ಕಲ್ಲುಹೂವು ಅಂಟಿತ್ತು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ, ಆದರೆ ಕಲ್ಲಿಗೆ ಚರ್ಮ ಬೆಳೆದ ಹಾಗೆ ಕಚ್ಚಿಕೊಂಡಿತ್ತು. ಚೂರೊಂದನ್ನು ಕಾಗದದಲ್ಲಿ ಸುತ್ತಿ ಪುಣೆಯ ಸಸ್ಯಶಾಸ್ತ್ರದ ಪಂಡಿತರೊಬ್ಬರಿಗೆ ಕಳಿಸಿದಳು. ಇದನ್ನು ತಾವು ಎಲ್ಲೂ ಕಂಡಿಲ್ಲ, ಇದ್ದಲ್ಲೇ ಕಾಪಾಡುವುದು ಒಳ್ಳೆಯದು ಎಂದು ಅವರು ತಿಳಿಸಿದರು. ಅಂಗೈಯಗಲ ಬೆಳೆಯಲು ಅದಕ್ಕೆ ಒಂದು ಮನುಷ್ಯ ಜನ್ಮ ಸಾಲದಂತೆ.

ಅವರ ಪತ್ರ ಬಂದ ಸಂಜೆ ಇಂದ್ರಾಬಾಯಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹೊನ್ನವ್ವನಿಗೆ ಹೇಳಿದಳು. ಹೊನ್ನವ್ವ ಜೋಳ ಕೇರುತ್ತ ಹೂಂಗುಟ್ಟಿದಳು, ಅಷ್ಟೆ.

ಮರುವರ್ಷದ ಬೇಸಿಗೆಗೆ ನಡುಗಡ್ಡೆಯಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಅಣೆಕಟ್ಟಿನ ಕೆಲಸಕ್ಕೆ ಕಲ್ಲು ಬೇಕಾಗಿ ಗುತ್ತಿಗೆದಾರನೊಬ್ಬ ಅಲ್ಲಿ ಆಳುಗಳನ್ನು ಇಳಿಸಿದ್ದ. ಗಾಬರಿಯಾದ ಇಂದ್ರಾಬಾಯಿ ಕಲ್ಲೊಡೆಯುವ ಒಬ್ಬ ಒಡ್ಡನಿಂದ ಹೂವಿದ್ದ ಚಪ್ಪಡಿ ಎಬ್ಬಿಸಿ, ಚಕ್ಕಡಿಯಲ್ಲಿ ಸಾಲೆಯ ಅಂಗಳಕ್ಕೆ ತರಿಸಿದಳು. ನೆರಳಿಗಿಟ್ಟಳು, ನೀರು ಚಿಮುಕಿಸಿದಳು. ಮಳೆಗಾಲ ಬರುವುದರೊಳಗೆ ಅದು ಸುಣ್ಣದ ಹಾಗೆ ಬೆಳ್ಳಗಾಗಿ ಉದುರಿತು. ಹೊಳೆಯ ಗಾಳಿಯಿಲ್ಲದೆ ಅದು ಬದುಕದು ಎಂದು ಆಕೆಗೆ ತಿಳಿದದ್ದು ಹೀಗೆ, ಕೊಂದ ಮೇಲೆ.

ಇನ್ನು ಉಳಿಸುವುದಾದರೆ ಅಲ್ಲೇ ಉಳಿಸಬೇಕಿತ್ತು. ಅಣೆಕಟ್ಟು ಕಚೇರಿಯ ಎಂಜಿನಿಯರು ಸಮಾಧಾನದಿಂದ ಕೇಳಿ, ನಕಾಶೆ ನೋಡಿ, ನೀರು ತುಂಬಿದರೂ ನಡುಗಡ್ಡೆಯ ನೆತ್ತಿಯ ಬಂಡೆ ಮೇಲುಳಿಯುತ್ತದೆ ಎಂದರು. ಆದರೆ ಗುತ್ತಿಗೆ ಕೊಟ್ಟಾಗಿದೆ, ತಮ್ಮ ಕೈಯಲ್ಲೇನೂ ಇಲ್ಲವೆಂದರು. ಅಲ್ಲಿ ಒಳ್ಳೆಯ ಕಲ್ಲು ಇದ್ದದ್ದೂ ಅದೇ ನೆತ್ತಿಯಲ್ಲಿ.

ಮುಂದಿನ ಬೇಸಿಗೆ ಕೆಲಸ ಮತ್ತೆ ಶುರುವಾದಾಗ ಆಕೆ ನೇರ ಮೇಸ್ತ್ರಿಯ ಹತ್ತಿರ ಹೋದಳು. ಮೋದಿನಸಾಬ ಅಂತ, ನಡುವಯಸ್ಸು ದಾಟಿದವನು. ಸಿಡಿಮದ್ದು ತುಂಬಲು ನೆತ್ತಿಯ ಬಂಡೆಗೆ ಎಲ್ಲೆಲ್ಲಿ ತೂತು ಹಾಕಬೇಕೆಂದು ಗುರುತು ಮಾಡುತ್ತಿದ್ದ. ಅದರ ಮಗ್ಗುಲಿಗೆ ಆಕೆ ತೋರಿಸಿದ ಹೂವನ್ನು ಬಗ್ಗಿ ನೋಡಿದ.

“ಇದರಿಂದ ಔಷಧ ಏನರ ಆಗ್ತೈತೇನ್ರಿ, ಅಕ್ಕೋರ?”

“ಇಲ್ರಿ.”

“ಮತ್ತ ಯಾಕ ಬೇಕ್ರಿ?”

ಇಂದ್ರಾಬಾಯಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟಳು. “ಬ್ಯಾರೆ ಎಲ್ಲೂ ಇಲ್ರಿ ಇದು,” ಅಂದಳು. “ಇಲ್ಲಿ ಹೋತಂದ್ರ ಹೋತು. ಅದರ ಪರವಾಗಿ ಕೇಳಾಕ ನಾ ಒಬ್ಬಾಕಿ ಅದೇನಿ.”

ಮೋದಿನಸಾಬ ಬೀಡಿ ಹಚ್ಚಿದ. ತನ್ನ ಊರೂ ಈ ನೀರಿಗೇ ಹೋಗುವುದೆಂದು ಹೇಳಿದ. ಅಲ್ಲಿ ತಂದೆ ತಾಯಿಯ ಗೋರಿಗಳಿದ್ದವು. ಆಮೇಲೆ ಸುತ್ತಿಗೆಯಿಂದ ಬಂಡೆಯನ್ನು ಬಡಿದು ಕಿವಿಗೊಟ್ಟು ಕೇಳಿದ. ಗಂಟೆಯಂತೆ ಖಣಖಣ ದನಿ ಬಂತು, ಬಿರುಕಿಲ್ಲದ ಕಲ್ಲಿನ ದನಿ.

“ಒಳಗ ಸೀಳು ಐತಿ, ಕೆಲಸಕ್ಕ ಬರೂದಿಲ್ಲ ಅಂತ ಮಾಲಕರಿಗೆ ಹೇಳ್ತೇನಿ. ಸುಳ್ಳಿನ ಪಾಪದಾಗ ಅರ್ಧ ನಿಮಗ ರಿ.”

ಕೆಳಗಿನ ಬಂಡೆಗಳೆಲ್ಲ ಸಿಡಿದವು, ಅವುಗಳ ಮೇಲಿನ ಹೂವೂ ಹೋಯಿತು. ನೆತ್ತಿಯ ಬಂಡೆ ಉಳಿಯಿತು. ಪ್ರತಿ ರವಿವಾರ ಇಂದ್ರಾಬಾಯಿ ಕೊಡದಲ್ಲಿ ಹೊಳೆನೀರು ಹೊತ್ತು ತಂದು ಬಂಡೆಯ ಮೇಲೆ ಕೂತ ಕಲ್ಲಿನ ಧೂಳು ತೊಳೆದಳು. ಆಳುಗಳು ಮೊದಮೊದಲು ನಕ್ಕರು, ಆಮೇಲೆ ನೋಡುವುದನ್ನೇ ಬಿಟ್ಟರು.

ಕೆಲಸ ಮುಗಿದು ಮೋದಿನಸಾಬನ ತಂಡ ಬೇರೆ ಕಡೆ ಹೋಯಿತು. ಮಳೆಗಾಲದ ಹೊಸ್ತಿಲಲ್ಲಿ ಆಕೆಗೂ ದೂರದ ಇಂಡಿಯ ಸಾಲೆಗೆ ವರ್ಗವಾಯಿತು. ಬಂಡೆಯನ್ನು ನೋಡಿಕೊಳ್ಳಿ ಎಂದು ಒಪ್ಪಿಸಿ ಹೋಗಲು ಒಬ್ಬರೂ ಸಿಗಲಿಲ್ಲ. ಸಹೋದ್ಯೋಗಿಗಳಿಗೆ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದಸರೆಯ ಸೂಟಿಯಲ್ಲಿ ಬಸ್ಸು ಬದಲಿಸುತ್ತ ಬಂದಳು. ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಹರಿಗೋಲಿನವನು ಈ ಸೆಳವಿಗೆ ಹಾಕುವುದಿಲ್ಲ ಎಂದುಬಿಟ್ಟ. ದಂಡೆಯ ಮೇಲೆ ಕೂತು ನೋಡಿದಳು. ಕೆಂಪು ನೀರಿನ ನಡುವೆ ಬಂಡೆಯ ಬೆನ್ನಷ್ಟೇ ಕಪ್ಪಗೆ ಕಂಡಿತು. ಅದರ ಮೇಲೆ ಹೂವು ಇದೆಯೋ ಇಲ್ಲವೋ ಅಷ್ಟು ದೂರದಿಂದ ಹೇಳುವಂತಿರಲಿಲ್ಲ. ಬಿಸಿಲು ಇಳಿಯುವವರೆಗೂ ಕೂತಳು.

ಮರಳುವ ಬಸ್ಸಿನಲ್ಲಿ ಪಕ್ಕದ ಮುದುಕಿ, ಯಾರ ಮನೆಗೆ ಹೋಗಿದ್ದಿ ತಂಗಿ ಎಂದು ವಿಚಾರಿಸಿದಳು.

“ನಮ್ಮವರನ್ನ ನೋಡಾಕ ಬಂದಿದ್ದೆ, ಅವ್ವಾರ. ದೂರದಿಂದ ನೋಡಿದೆ.”

ಮುದುಕಿ ತುಸು ಸರಿದು ಜಾಗ ಮಾಡಿ, ಎಲಿಚಂಚಿ ಬಿಚ್ಚಿ ಅಡಿಕೆಯ ಹೋಳೊಂದನ್ನು ಆಕೆಯ ಕೈಗಿಟ್ಟಳು.