ಮೋಟಾರು ದೋಣಿಯ ಕೊನೆಯ ಹಲಗೆ

"ಬಾಲ ಉದ್ದ ಆದ ಮಾತ್ರಕ್ಕೆ ನಾಯಿ ಯಜಮಾನ ಆಗ್ಬಿಡತ್ತೇನೋ? ಇಡೋ ಸುತ್ತಿಗೆ ಕೆಳಗೆ! ನಿಮ್ಮಪ್ಪ ಕುಡಿದು ಸತ್ತ, ನೀನು ನಮ್ಮನೆ ಕೂಳು ತಿಂದು ಬೆಳೆದೆ. ಈಗ ಕೊನೆ ಹಲಗೇನೂ ನಿಂಗೇ ಬೇಕಾ?"

ದೊಡ್ಡಪ್ಪ ಹೀಗೆ ಕೂಗಿದ್ದು ಶೆಡ್ಡಿನ ನಟ್ಟನಡುವೆ, ಎಲ್ಲ ಬಡಗಿಗಳ ಎದುರಿಗೆ, ದೋಣಿ ಕೊಂಡ ಧಣಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಗ. ಬಾಗಿಸಲೆಂದು ಹಬೆಪೆಟ್ಟಿಗೆಯಲ್ಲಿ ಬೇಯಿಸಿ ಆಗಷ್ಟೇ ತೆಗೆದ ಹಲಗೆಯನ್ನು ಕೈಗೆ ಗೋಣಿ ಸುತ್ತಿಕೊಂಡು ಹೊತ್ತಿದ್ದವರು ನಿಂತಲ್ಲೇ ನಿಂತರು. ಬೈಸಿಕೊಂಡ ತಮ್ಮನ ಮಗನನ್ನು ಎಲ್ಲರೂ ಕರೆಯುತ್ತಿದ್ದದ್ದು ಉಳಿ ಅಂತ. ನಾಲಿಗೆ ಅಷ್ಟು ಹರಿತ. ಇವತ್ತು ಅವನು ಸುತ್ತಿಗೆಯನ್ನಷ್ಟೇ ಕೆಳಗಿಟ್ಟ.

ದೋಣಿ ಕಟ್ಟುವವರಲ್ಲಿ ಕೊನೆಯ ಹಲಗೆ ಕೂರಿಸಿದವನೇ ಮುಂದಿನ ಮೇಸ್ತ್ರಿ. ಬೇರೆ ಪಟ್ಟಾಭಿಷೇಕ ಅಂತೇನಿಲ್ಲ. ಅದು ತನ್ನದೇ ಎಂದು ಉಳಿ ನಂಬಿದ್ದ. ಯಾಕೆ ನಂಬಬಾರದು? ಈ ದೋಣಿಯನ್ನು ತಾತ ಕಟ್ಟಿದ್ದು ಯಾವನೋ ಸಾಹುಕಾರನ ಮೋಜಿಗೆ: ಹಿತ್ತಾಳೆ ದೀಪ, ಗಾಜಿನ ಕಿಟಕಿಯ ಕೋಣೆ, ಬೆಕ್ಕಿನಂತೆ ಗುರುಗುಡುವ ಎಂಜಿನ್ನು. ಸಾಹುಕಾರ ದಿವಾಳಿಯೆದ್ದ ಮೇಲೆ ಅದು ಮೀನು ಹೊತ್ತಿತು. ಎಂಜಿನ್ನು ಗುಜರಿಗೆ ಹೋಯಿತು. ಕಡೆಗೆ ಕೆಸರಲ್ಲಿ ಒರಗಿದಾಗ ಕೋಣೆಯಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಅದನ್ನು ಎಳೆತಂದು, ಕೊಳೆತ ಹಲಗೆ ಒಂದೊಂದೇ ಕಿತ್ತು, ಅದೇ ಅಚ್ಚಿಗೆ ಹೊಸದು ಕೊಯ್ದು, ಪಕ್ಕೆಲುಬುಗಳಿಗೆ ತಾಮ್ರದ ಮೊಳೆ ಜಡಿದವನು ಉಳಿ. ದೊಡ್ಡಪ್ಪ ಅಡಿಪಟ್ಟಿ ಹಿಡಿದು ತಪ್ಪು ಹುಡುಕಿದ. ದೊಡ್ಡಪ್ಪನ ಮಗ ಆಫೀಸಿನಲ್ಲಿ ಕೂತು ಫೋನು ಎತ್ತಿದ. ಅಂಗಿ ಎಂದೂ ಸುಕ್ಕಾಗದ ಅವನಿಗೆ ಇಸ್ತ್ರಿ ಅಂತಲೇ ಹೆಸರು.

"ಅವನೇ ಹೊಡೀಲಿ ಬಿಡಪ್ಪಾ," ಎಂದ ಇಸ್ತ್ರಿ, ಮುಖ ತಗ್ಗಿಸಿ.

"ಬಾಯ್ಮುಚ್ಚು! ನನ್ನ ಮಗ ನೀನೋ ಅವನೋ? ಹಿಡಿ ಸುತ್ತಿಗೆ. ಈ ಮನೆಗೂ ವಾರಸುದಾರ ಇದಾನೆ ಅಂತ ಧಣಿ ನೋಡ್ಲಿ."

"ಯಾರಾದ್ರೂ ಹೊಡೀರಪ್ಪ, ದೋಣಿ ತೇಲಿದ್ರೆ ಸಾಕು ನಂಗೆ," ಎಂದು ಧಣಿ ನಕ್ಕ. ಅನ್ನದ ಋಣಕ್ಕೆ ಉಳಿದವರೂ ನಕ್ಕರು.

ದೊಡ್ಡಪ್ಪನ ಬೈಗುಳ ನಿಲ್ಲಲಿಲ್ಲ. ಸತ್ತ ತಮ್ಮನನ್ನು ಇನ್ನೊಮ್ಮೆ ಹೂತ, ಅವನ ಹೆಂಡತಿಯನ್ನೂ ಬಿಡಲಿಲ್ಲ. ಉಳಿ ಹಲಗೆಯ ಮೇಲೆ ಕೈಯಿಟ್ಟ. ಹಬೆ ಕುಡಿದ ಹಲಗೆ ಬಿಸಿಯಿರುವಾಗ ತೊಗಲಿನಂತೆ ಬಾಗುತ್ತದೆ, ಆರಿದರೆ ಮತ್ತೆ ಬರೀ ಮರ. ಇದು ಆರಿತ್ತು. ಈ ದೋಣಿಗೆಂದೇ ತಾತ ಅಟ್ಟದಲ್ಲಿ ಎತ್ತಿಟ್ಟು ಹೋಗಿದ್ದ ತೇಗ, ಅಷ್ಟುದ್ದದ್ದು ಇನ್ನೊಂದಿರಲಿಲ್ಲ. 'ಮತ್ತೆ ಪೆಟ್ಟಿಗೆಗೆ ಹಾಕಿ' ಅಂದಿದ್ದರೆ ಮುಗಿಯುತ್ತಿತ್ತು. ಉಳಿ ಕೈ ತೆಗೆದು, ಪಕ್ಕಕ್ಕೆ ಸರಿದು ನಿಂತ.

ಇಸ್ತ್ರಿ ಮೊದಲ ಮೊಳೆ ಹೊಡೆದ. ಒಂದೆರಡು ಚಪ್ಪಾಳೆ ಬಿದ್ದವು. ಹಲಗೆಯನ್ನು ದೋಣಿಯ ಮೂತಿಯ ತಿರುವಿಗೆ ಎಳೆದು ಕ್ಲಾಂಪು ಬಿಗಿಯುತ್ತಿದ್ದಂತೆ ಅದು ಲಟ್ಟೆಂದು ಉದ್ದಕ್ಕೂ ಸೀಳಿತು.

ದೊಡ್ಡಪ್ಪ ಓಡಿಹೋಗಿ ಸೀಳನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದ, ಕೂಡಿಕೊಳ್ಳುತ್ತದೇನೋ ಎಂಬಂತೆ. ತಣ್ಣಗಿದ್ದ ಮರ ಅವನಿಗೂ ಎಲ್ಲ ಹೇಳಿತು. ತಿರುಗಿದಾಗ ಅವನ ದನಿ ಸಣ್ಣದಾಗಿತ್ತು.

"ನೀನು ಮುಟ್ಟಿದ್ದೆ. ಆರಿದೆ ಅಂತ ಗೊತ್ತಿತ್ತು ನಿಂಗೆ. ನಮ್ಮಪ್ಪ ಇಟ್ಟಿದ್ದ ಹಲಗೆ ಕಣೋ... ಯಾಕೋ ಹೇಳ್ಲಿಲ್ಲ?"

ಉಳಿ ಗೂಟದ ಮೇಲಿನ ಅಂಗಿಯನ್ನು ಹೆಗಲಿಗೆ ಎಸೆದುಕೊಂಡು, ಮರದ ಹೊಟ್ಟು ತುಳಿಯುತ್ತ ಬಾಗಿಲು ದಾಟಿದ.

"ಲೋ, ನಿನ್ನೇ ಕೇಳ್ತಿರೋದು!"

ಅವನು ನಡೆಯುತ್ತಲೇ ಇದ್ದ.