ಅನ್‌ಲಿಮಿಟೆಡ್ ಸುಶಿಯ ಮೂರು ಭಾನುವಾರ

ಪ್ರಥಮನಿಗೆ ಸ್ವಂತ ಜಾಗ ಇರಲಿಲ್ಲ. ಇದ್ದದ್ದು ಅಪ್ಪ ವಿಷ್ಣುಮೂರ್ತಿಯವರದ್ದು: ಡೊಂಬಿವಲಿಯ ಉಡುಪಿ ಹೋಟೆಲು, ಅದರ ಮೇಲೊಂದು ಖಾಲಿ ಮಹಡಿ. ಅಲ್ಲಿ ವೆಜ್ ಸುಶಿ, ಅಂದರೆ ತರಕಾರಿ ಇಟ್ಟು ಸುತ್ತಿದ ಜಪಾನಿ ಅನ್ನದ ತುಂಡು ಇಡೋಣ, ಒಂದೇ ದರ, ತಿಂದಷ್ಟು ತಿನ್ನಲಿ ಎಂದು ಅವನು ಎರಡು ವರ್ಷದಿಂದ ಗೋಗರೆಯುತ್ತಿದ್ದ. ಮಹಡಿಯನ್ನು ಕೋಚಿಂಗ್ ಕ್ಲಾಸಿನವರೂ ಕೇಳುತ್ತಿದ್ದರು. ಅಂಥದೊಂದು ಒಳ್ಳೆಯ ಹೋಟೆಲು ತೋರಿಸು, ಆಮೇಲೆ ಮಾತು ಎಂದರು ಅಪ್ಪ.

ಮೊದಲನೆಯದು ಘೋಡಬಂದರ್ ರಸ್ತೆಯ ಮಾಲ್. ಅಲ್ಲಿಯ ಅನ್ನದಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಎರಡನೆಯದು ಕಲ್ಯಾಣದಲ್ಲಿ, ಫ್ರಿಜ್ಜಿನಿಂದ ನೇರ ಬಂದ ಸುಶಿ, ನೆನೆಯದ ಅವಲಕ್ಕಿಯ ಹಾಗೆ ಗಟ್ಟಿ. ಪ್ರಥಮ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ: ಅನ್ನದ ಹದ, ವಿನೆಗರಿನ ಹುಳಿ, ಸುತ್ತಿದ ಕಡಲ ಪಾಚಿ. ಅಪ್ಪ ಏನನ್ನೂ ಮುಟ್ಟಲಿಲ್ಲ. ಎರಡು ಕಡೆಯೂ ಅಡುಗೆಮನೆಯ ಬಾಗಿಲ ಪಕ್ಕದ ಮೇಜು ಹಿಡಿದು ಎಂಜಲು ತಟ್ಟೆಯ ಟಬ್ಬು ನೋಡುತ್ತ ಕುಳಿತರು. ಮೂವತ್ತು ವರ್ಷ ಹೋಟೆಲು ನಡೆಸಿದ್ದು ಹಾಗೆಯೇ. ಗಿರಾಕಿಯ ಮಾತನ್ನು ಅವರು ನಂಬುತ್ತಿರಲಿಲ್ಲ, ವಾಪಸು ಬಂದ ತಟ್ಟೆಯನ್ನು ನಂಬುತ್ತಿದ್ದರು.

ತಟ್ಟೆಗಳು ಖಾಲಿಯೇ ಬಂದವು, ಏಕೆಂದರೆ ಬಿಟ್ಟರೆ ದಂಡ ಎಂಬ ಬೋರ್ಡಿತ್ತು. ಕಲ್ಯಾಣದಲ್ಲಿ ಅಪ್ಪ ಬಗ್ಗಿ ಮೇಜಿನಡಿಯಿಂದ ಟಿಶ್ಯೂ ಉಂಡೆಯೊಂದನ್ನು ಎತ್ತಿ ಬಿಡಿಸಿದರು. ಒಳಗೆ ಅನ್ನ. ಆಮೇಲೆ ಎದ್ದು ಹೋಗಿ ಹೂಕುಂಡ ಕೆದಕಿದರು. ಅಲ್ಲೂ ಅನ್ನ. ಪಕ್ಕದ ಮೇಜಿನವರು ತಿನ್ನುವುದು ಬಿಟ್ಟು ನೋಡಿದರು. ಯಾರ ಅಪ್ಪ ಎಂದು ಕೇಳಿದರೆ ಗೊತ್ತಿಲ್ಲ ಅನ್ನಬೇಕು ಅಂದುಕೊಂಡ ಪ್ರಥಮ.

ಮೂರನೆಯದು ವಾಶಿಯ ಶುದ್ಧ ಸಸ್ಯಾಹಾರಿ ಹೋಟೆಲು. ಅನ್ನ ನಿಜಕ್ಕೂ ಚೆನ್ನಾಗಿತ್ತು, ಉಗುರು ಬೆಚ್ಚಗೆ, ಬಾಯಿಗಿಟ್ಟರೆ ತಾನೇ ಬಿಡಿಸಿಕೊಳ್ಳುವಂಥದ್ದು. ಅಪ್ಪನೂ ಒಂದು ತುಂಡು ತಿಂದರು. ಇವರಿಗೆ ಅಕ್ಕಿ ಬೇಯಿಸಲು ಬರುತ್ತದೆ ಎಂದರು. ಆ ಬಾಯಿಂದ ಅಷ್ಟು ಹೊಗಳಿಕೆಯನ್ನು ಪ್ರಥಮ ಕೇಳಿಯೇ ಇರಲಿಲ್ಲ. ಹುರುಪಿನಲ್ಲಿ ಇನ್ನೆರಡು ತಟ್ಟೆ ತರಿಸಿದ. ಐದು ತುಂಡು ಉಳಿದಾಗ ಹೊಟ್ಟೆ ತುಂಬಿಹೋಯಿತು.

"ತಿನ್ನು ಮಾರಾಯ. ಒಳ್ಳೇದುಂಟಲ್ಲ?"

"ಪೇಟ್ ಭರ್ ಗಯಾ, ಪಪ್ಪಾ. ನೀವು ತಗೊಳ್ಳಿ ನಾ."

"ನಂಗೆ ಒಂದು ಸಾಕಿತ್ತು, ತಿಂದಾಯ್ತು."

ಇಲ್ಲೂ ದಂಡದ ಬೋರ್ಡಿತ್ತು, ವೇಟರ್ ಹತ್ತಿರ ಬರುತ್ತಿದ್ದ. ಪ್ರಥಮ ಐದನ್ನೂ ಟಿಶ್ಯೂವಿನಲ್ಲಿ ಸುತ್ತಿ ಪ್ಯಾಂಟಿನ ಜೇಬಿಗೆ ತುರುಕಿದ. ತಲೆ ಎತ್ತಿದರೆ ಅಪ್ಪ ಅವನನ್ನೇ ನೋಡುತ್ತಿದ್ದರು.

"ಅಲ್ಲಿ ಕೆಟ್ಟದಿತ್ತು, ಅಡಗಿಸಿದ್ರು. ಇಲ್ಲಿ ಒಳ್ಳೇದಿದ್ದೂ ಅಡಗಿಸಿದ್ದು ಎಂತ ಕತೆ?"

ಚಿಕ್ಕ ತಟ್ಟೆ ಇಡಬಹುದು, ಎರಡೆರಡೇ ತುಂಡು ಕೊಡಬಹುದು, ದಂಡವೇ ಬೇಡ ಎಂದು ಅವನು ಲೋಕಲ್ ರೈಲಿನಲ್ಲಿ ಥಾಣೆಯವರೆಗೆ ವಾದಿಸಿದ. ಥಾಣೆಯಲ್ಲಿ ಗಾಡಿ ಬದಲಿಸಿದ ಮೇಲೂ ವಾದಿಸಿದ. ಅಪ್ಪ ಸೀಟು ಸಿಕ್ಕಿದ್ದೇ ಕಣ್ಣು ಮುಚ್ಚಿದರು.

ಬುಧವಾರ ಕೋಚಿಂಗ್ ಕ್ಲಾಸಿನವರು ಬೆಂಚು ತಂದಿಳಿಸಿದರು. ಪ್ರಥಮ ಕಳೆದುಕೊಂಡದ್ದು ಮೂರು ಭಾನುವಾರ ಮತ್ತು ಒಂದು ಮಹಡಿ.